ನೀರು ಕಳಿಸುವ ಊರು

"ಶನಿವಾರ ಒಬಾಮಕ್ಕೆ ಹೋಗ್ತಿದ್ದೇನೆ" ಅಂದೆ. ಫೋನಿನ ಆ ಕಡೆ ಅಮ್ಮ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಕೇಳಿದಳು: "ಅವ್ರು ಜಪಾನಿಗೆ ಬಂದಿದ್ದಾರಾ?"

ಒಬಾಮ ಅನ್ನೋದು ಒಂದು ಊರು. ಚಿಕ್ಕ ಕಡಲತೀರ ಅಂತ ಆ ಹೆಸರಿನ ಅರ್ಥ. ಕ್ಯೋಟೋದಿಂದ ಉತ್ತರಕ್ಕೆ ಬೆಟ್ಟ ದಾಟಿದರೆ ಜಪಾನ್ ಸಮುದ್ರ. ಅಲ್ಲಿ ಫುಕುಯಿ ಪ್ರಾಂತ್ಯದ ವಾಕಾಸಾ ಕೊಲ್ಲಿಯ ಒಂದು ಮಡಿಲಲ್ಲಿ ಈ ಊರಿದೆ. ಜನ 30 ಸಾವಿರಕ್ಕಿಂತ ಕಡಿಮೆ. ನಾನು ಒಸಾಕಾಗೆ ಬಂದು ಮೂರು ವರ್ಷವಾಯಿತು. ಆಫೀಸಿನಲ್ಲಿ ಒಬಾಮ ನೋಡಿದವರು ಯಾರಿದ್ದೀರಿ ಅಂತ ಕೇಳಿದರೆ ಒಬ್ಬರೂ ಇಲ್ಲ. "ಅಲ್ಲೇನಿದೆ, ಮೀನು" ಅಂದರು ಒಬ್ಬರು. ನಾನು ಕುಮಟೆಯವಳು. ನನಗೆ ಅಷ್ಟು ಸಾಕಾಗಿತ್ತು.

ಒಸಾಕಾದಿಂದ ಬಿವಾ ಕೆರೆಯ ಪಶ್ಚಿಮ ದಂಡೆಯುದ್ದಕ್ಕೂ ರೈಲು. ಓಮಿ-ಇಮಾಜು ಅನ್ನುವ ಸ್ಟೇಷನ್ನಿನಲ್ಲಿ ಇಳಿದು ಬಸ್ಸು. ಸುಮಾರು ಒಂದು ಗಂಟೆ ಬೆಟ್ಟಗಳ ನಡುವೆ ದಾರಿ. ನವೆಂಬರ್ ಕೊನೆ. ಕೆರೆಯ ಕಡೆ ಬಿಸಿಲಿತ್ತು, ಘಟ್ಟ ದಾಟಿದ ಕೂಡಲೇ ಮಳೆ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅಂತ ಈ ಸೀಮೆಯಲ್ಲಿ ಒಂದು ಗಾದೆಯಿದೆ. ನಾನು ಎರಡನ್ನೂ ಮರೆತಿದ್ದೆ.

ಸ್ಟೇಷನ್ ಮುಂದೆ ನಮ್ಮ ಗೈಡ್ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ರಿಟೈರ್ ಆದ ಶಾಲಾ ಟೀಚರ್. ಕೈಯಲ್ಲಿ ನಾಲ್ಕು ಪ್ಲಾಸ್ಟಿಕ್ ಕೊಡೆ. ಬರುವವರಲ್ಲಿ ಅರ್ಧ ಜನ ಕೊಡೆ ತರುವುದಿಲ್ಲ ಅಂತ ಅವರಿಗೆ ಗೊತ್ತು. ನಾವು ನಾಲ್ಕು ಜನ: ತೈವಾನಿನ ಅಕ್ಕ-ತಂಗಿ, ಟೋಕಿಯೋದ ಒಬ್ಬ ಮಾತಿಲ್ಲದ ಹಿರಿಯರು, ನಾನು. ಟೀಚರಿಗೆ ಜಪಾನಿಯಲ್ಲಿ ಸೆನ್ಸೈ ಅಂತಾರೆ. ಮೊದಲ ಹತ್ತು ನಿಮಿಷದಲ್ಲೇ ನಾವೆಲ್ಲ ಅವರನ್ನು ಸೆನ್ಸೈ ಅಂತ ಕರೆಯಲು ಶುರುಮಾಡಿದೆವು. ಅವರ ದನಿಯೇ ಹಾಗಿತ್ತು. ಕಡೇ ಬೆಂಚಿನವರಿಗೂ ಕೇಳುವಂಥದ್ದು.

ಅಮೆರಿಕದ ಒಬಾಮ ಕಥೆಯನ್ನು ಅವರು ವ್ಯಾನ್ ಹತ್ತುವ ಮೊದಲೇ ಮುಗಿಸಿಬಿಟ್ಟರು. 2008ರ ಚುನಾವಣೆ ಹೊತ್ತಿಗೆ ಊರಿಗೆ ಊರೇ ಅವರ ಪರವಾಗಿ ಕುಣಿದಿತ್ತಂತೆ. ನಿಜವಾಗಿಯೂ ಕುಣಿದಿದ್ದರು, ಹವಾಯಿಯ ಹುಲಾ ಕುಣಿತ. ಅವರ ಮುಖದ ಚಿತ್ರವಿದ್ದ ಸಿಹಿ ಮಾರಿದರು. ಊರಿನ ಮೇಯರ್ ಇಲ್ಲಿಯ ಅರಗಿನ ಚಾಪ್‌ಸ್ಟಿಕ್ ಕಳಿಸಿಕೊಟ್ಟರು. 2009ರಲ್ಲಿ ಟೋಕಿಯೋಗೆ ಬಂದಾಗ ಅವರು ಭಾಷಣದಲ್ಲಿ ಊರಿನ ಹೆಸರು ಎತ್ತಿದರು, ಊರಿಗೆ ಮಾತ್ರ ಬರಲಿಲ್ಲ. "ನಮ್ಮದು ಕಳಿಸುವ ಊರು" ಅಂದರು ಸೆನ್ಸೈ. "ಬರುವವರು ಕಡಿಮೆ."

ಆಗ ಅದೊಂದು ತಮಾಷೆ ಅಂದುಕೊಂಡೆ. ದಿನವಿಡೀ ಅವರು ತಿರುಗಿ ತಿರುಗಿ ಅದೇ ಮಾತಿಗೆ ಬರುತ್ತಿದ್ದರು.

ಇಜುಮಿ ಅನ್ನುವ ಹಳೇ ಪೇಟೆಬೀದಿ. ಮಳೆಗೆ ಮುಚ್ಚಿಗೆ ಹಾಕಿದ್ದಾರೆ, ಅರ್ಧ ಅಂಗಡಿಗಳ ಷಟರ್ ಇಳಿದಿದೆ. ನೆಲದಲ್ಲಿ ಒಂದು ಫಲಕ ಹುಗಿದಿದ್ದಾರೆ: ಸಾಬಾ ಕಾಯ್ದೋ ಇಲ್ಲಿಂದ ಶುರು ಅಂತ. ಸಾಬಾ ಅಂದರೆ ಬಂಗಡೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಬಂಗಡೆಯ ದಾಯಾದಿ. ಇನ್ನೂ ದಪ್ಪ, ಇನ್ನೂ ಎಣ್ಣೆ ಜಾಸ್ತಿ, ಬೆನ್ನ ಮೇಲೆ ಅದೇ ನೀಲಿ-ಹಸಿರು ಗೆರೆಗಳು. ಕಾಯ್ದೋ ಅಂದರೆ ಹೆದ್ದಾರಿ. ಅಂದರೆ ಬಂಗಡೆ ಹೆದ್ದಾರಿ! ಈ ಹೆಸರು ನಮ್ಮ ಕರಾವಳಿಯವರಿಗೆ ಯಾಕೆ ಹೊಳೆಯಲಿಲ್ಲವೋ.

ಹಿಂದೆ ಕ್ಯೋಟೋ ಅರಮನೆಗೆ ಉಪ್ಪು, ಮೀನು ಹೋಗುತ್ತಿದ್ದದ್ದು ಈ ವಾಕಾಸಾ ಸೀಮೆಯಿಂದ. ಕ್ಯೋಟೋಗೆ ಸಮುದ್ರವಿಲ್ಲ. ಇಲ್ಲಿ ಹಿಡಿದ ಸಾಬಾಗೆ ಉಪ್ಪು ಹಾಕಿ, ಬೆನ್ನಿಗೆ ಕಟ್ಟಿಕೊಂಡು, ಬೆಟ್ಟ ಹತ್ತಿ ಇಳಿದು ರಾತ್ರಿಯೆಲ್ಲ ನಡೆಯುತ್ತಿದ್ದರು. ಕ್ಯೋಟೋ ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಒಳಗೆ ಇಳಿದಿರುತ್ತಿತ್ತು. ಇವತ್ತು ಕ್ಯೋಟೋದವರು ತಮ್ಮ ಹೆಮ್ಮೆ ಅಂತ ಹಬ್ಬಕ್ಕೆ ಮಾಡುವ ಸಾಬಾ ಸುಶಿ ಹುಟ್ಟಿದ್ದೇ ಹೀಗೆ. "ಕ್ಯೋಟೋ ದೂರ ಅಂದ್ರೂ ಹದಿನೆಂಟೇ ರಿ" ಅಂತ ನಡೆಯುವವರು ಹೇಳಿಕೊಳ್ಳುತ್ತಿದ್ದರಂತೆ. ಹದಿನೆಂಟು ರಿ ಅಂದರೆ 70 ಕಿಲೋಮೀಟರ್ ದಾಟುತ್ತದೆ. ಆ "ಹದಿನೆಂಟೇ" ಅನ್ನುವುದರಲ್ಲಿನ ಏ ಕೇಳಿ ನನಗೆ ನಗು ಬಂತು. ಭಾರ ಹೊತ್ತವರು ಎಲ್ಲ ಕಡೆಯೂ ಹೀಗೇ ಮಾತಾಡುತ್ತಾರೆ.

ಇದೇ ಬಂದರಿಗೆ 1408ರಲ್ಲಿ ದಕ್ಷಿಣದ ಒಂದು ಹಡಗಿನಲ್ಲಿ ಆನೆ ಬಂದಿಳಿಯಿತು. ಜಪಾನಿಗೆ ಬಂದ ಮೊದಲ ಆನೆ ಅದು ಅಂತಾರೆ. ಅದನ್ನೂ ಕ್ಯೋಟೋಗೆ, ಆಗ ನಾಡಾಳುತ್ತಿದ್ದ ಶೋಗುನ್ ಅಶಿಕಾಗಾ ಯೊಶಿಮೊಚಿಗೆ ಕಳಿಸಿದರು. ಅವನು ಮೂರು ವರ್ಷಕ್ಕೆ ಅದನ್ನು ಕೊರಿಯಾ ರಾಜನಿಗೆ ದಾಟಿಸಿದ. ಆನೆ ಸಾಕುವ ಕಷ್ಟ ಗೊತ್ತಾಗಿರಬೇಕು.

ಮಧ್ಯಾಹ್ನದ ಊಟಕ್ಕೆ ಮನೆಯಂಥ ಒಂದು ಹೋಟೆಲ್. ಅಲ್ಲಿ ಹೆಶಿಕೋ ಬಂತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಬಾವನ್ನು ಸೀಳಿ, ಉಪ್ಪಿನಲ್ಲಿ ಹೂತು, ಆಮೇಲೆ ಅಕ್ಕಿ ತೌಡಿನ ಜೊತೆ ಮರದ ಪೀಪಾಯಿಯಲ್ಲಿ ಪದರ ಪದರವಾಗಿ ತುಂಬುತ್ತಾರೆ. ಮೇಲೆ ಕಲ್ಲು ಹೇರುತ್ತಾರೆ. ಸುಮಾರು ಒಂದು ವರ್ಷ ಹಾಗೇ ಬಿಡುತ್ತಾರೆ. ಒಂದು ಬೇಸಿಗೆಯ ಸೆಕೆ ದಾಟಬೇಕು, ಆಗಲೇ ರುಚಿ ಕಟ್ಟುವುದು. ತಟ್ಟೆಯಲ್ಲಿ ಬಂದದ್ದು ಮಾತ್ರ ಬೆರಳುದ್ದದ ನಾಲ್ಕು ತೆಳು ಹೋಳು. ಕಂದು ಬಣ್ಣ, ಅಂಚಿಗೆ ತೌಡು ಅಂಟಿಕೊಂಡು ಕೆಂಡದಲ್ಲಿ ಸ್ವಲ್ಪ ಕರಿದಾಗಿದೆ. ಎತ್ತಿ ಪೂರ್ತಿ ಬಾಯಿಗೆ ಹಾಕಿಕೊಂಡೆ. ಸೆನ್ಸೈ "ಅಯ್ಯೋ" ಅನ್ನುವಂಥ ಒಂದು ಶಬ್ದ ಮಾಡಿದರು. ತಡವಾಗಿತ್ತು.

ಉಪ್ಪು ಅಂದರೆ ಅಂಥ ಉಪ್ಪು. ಕಣ್ಣಲ್ಲಿ ನೀರು ಬಂತು. ಆ ಉಪ್ಪಿನ ಹಿಂದಿನಿಂದ, ನಿಧಾನಕ್ಕೆ, ನನಗೆ ಚೆನ್ನಾಗಿ ಗೊತ್ತಿರುವ ಒಂದು ವಾಸನೆ ಎದ್ದು ಬಂತು. ಮಳೆಗಾಲದಲ್ಲಿ ಅಮ್ಮ ಒಣಮೀನಿನ ಡಬ್ಬಿ ತೆಗೆದಾಗ ಅಡುಗೆಮನೆಯಲ್ಲಿ ಏಳುವ ವಾಸನೆ. ದೋಣಿ ಕಡಲಿಗೆ ಇಳಿಯದ ಆ ಎರಡು ತಿಂಗಳು ಗಂಜಿಗೆ ನೆಂಚಿಕೊಳ್ಳುವುದು ಅದನ್ನೇ. ಒಂದು ಚೂರು ಮೀನು, ನಾಲ್ಕು ತುತ್ತು ಗಂಜಿ. ಇಲ್ಲಿಯೂ ಅದೇ ಲೆಕ್ಕ: ಉಗುರಿನಷ್ಟು ಹೆಶಿಕೋ, ಬಾಯಿ ತುಂಬ ಅನ್ನ. ಸೆನ್ಸೈ ನನಗೆ ಹೇಳಿಕೊಟ್ಟರು. ನಾನು ಹೇಳಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅಮ್ಮ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಪಾರ್ಸೆಲ್ ಕಳಿಸುತ್ತಿದ್ದಳು. ಒಣ ಶೆಟ್ಲಿ, ಉಪ್ಪು ಹಾಕಿದ ಬಂಗಡೆ, ಮುರುಗಲ ಸಿಪ್ಪೆ. ಮೂರು ಪ್ಲಾಸ್ಟಿಕ್ ಕವರ್, ಅದರ ಮೇಲೆ ಪೇಪರ್, ಅದರ ಮೇಲೆ ಇನ್ನೊಂದು ಕವರ್. ಬೆಳಿಗ್ಗೆ ಆರಕ್ಕೇ ಫೋನ್: "ಮುಟ್ಟಿತಾ?" ಹೇಗಿದೆ, ಚೆನ್ನಾಗಿದೆಯಾ, ಇದ್ಯಾವುದೂ ಇಲ್ಲ. ಮುಟ್ಟಿತಾ, ಅಷ್ಟೇ.

ಅಂದ ಹಾಗೆ, ಹೆಶಿಕೋಗೆ ಬಳಸುವ ಮೀನು ಈಗ ಎಷ್ಟೋ ಸಲ ನಾರ್ವೆಯದಂತೆ. ಇಲ್ಲಿಯ ಕಡಲಿನಲ್ಲಿ ಸಾಬಾ ಕಡಿಮೆಯಾಗಿಬಿಟ್ಟಿದೆ. ಅದಕ್ಕೇ ಊರಿನವರು ಬಲೆ ಕಟ್ಟಿದ ಗೂಡುಗಳಲ್ಲಿ ಸಾಬಾ ಸಾಕುತ್ತಿದ್ದಾರೆ. ಅಕ್ಕಿ ಮದ್ಯ ತೆಗೆದ ಮೇಲೆ ಉಳಿಯುವ ಗಸಿಯನ್ನು ಮೇವಿಗೆ ಬೆರೆಸುತ್ತಾರೆ. ಹೆಸರು "ಕುಡುಕ ಸಾಬಾ". ಇದನ್ನು ಹೇಳುವಾಗ ಟೋಕಿಯೋದ ಹಿರಿಯರು ದಿನದಲ್ಲಿ ಮೊದಲ ಸಲ ನಕ್ಕರು.

ಊಟ ಮುಗಿಸಿ ವ್ಯಾನ್ ಹೊಲಗಳ ನಡುವೆ ಹೊರಟಿತು. ಕೊಯ್ಲಾದ ಗದ್ದೆ, ತಗ್ಗು ಬೆಟ್ಟ, ಬೆಟ್ಟದ ಮೇಲೆ ಸಾಲಾಗಿ ವಿದ್ಯುತ್ ಟವರ್‌ಗಳು. "ನೀವು ಒಸಾಕಾ ಅಲ್ವಾ?" ಅಂತ ಸೆನ್ಸೈ ನನ್ನ ಕಡೆ ತಿರುಗಿದರು. "ಅದು ನಿಮ್ಮ ಮನೆಗೆ."

ವಾಕಾಸಾ ಕೊಲ್ಲಿಯ ದಂಡೆಯಲ್ಲಿ ತ್ಸುರುಗಾ, ಮಿಹಾಮಾ, ಓಯಿ, ತಕಾಹಾಮಾ ಅಂತ ಸಾಲಾಗಿ ಅಣು ವಿದ್ಯುತ್ ಸ್ಥಾವರಗಳು ಬಂದವು. 1970ರ ಒಸಾಕಾ ವಿಶ್ವ ಪ್ರದರ್ಶನದಲ್ಲಿ ಬೆಳಗಿದ ದೀಪಗಳಿಗೆ ಇಲ್ಲಿಂದ ಕರೆಂಟು ಹೋಗಿತ್ತು. ಸಾಲಿನ ನಡುವೆ ಇರುವ ಒಬಾಮದಲ್ಲಿ ಮಾತ್ರ ಸ್ಥಾವರವಿಲ್ಲ. ಪ್ರಸ್ತಾಪ ಬಂದಾಗ ಊರಿನವರು ಬೇಡ ಅಂದರು. ಆ ಹೋರಾಟದಲ್ಲಿ ಮುಂದಿದ್ದವರು ನಾವು ಈಗ ಹೋಗುತ್ತಿರುವ ಮ್ಯೋತ್ಸುಜಿ ದೇವಸ್ಥಾನದ ಸನ್ಯಾಸಿ, ನಕಾಜಿಮಾ ತೆತ್ಸುಎನ್.

ನಮ್ಮ ಜಿಲ್ಲೆಯಲ್ಲಿ ಕಾಳಿ ನದಿ ದಂಡೆಗೆ ಕೈಗಾ ಬಂತು ಅಂತ ಹೇಳಿದೆ. ಅದನ್ನು ವಿರೋಧಿಸಿ ನಮ್ಮ ದೊಡ್ಡ ಬರಹಗಾರರೊಬ್ಬರು, ಶಿವರಾಮ ಕಾರಂತರು, ಎಂಬತ್ತು ದಾಟಿದ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತಿದ್ದರು ಅಂತಲೂ ಹೇಳಿದೆ. "ಗೆದ್ದರಾ?" ಅಂತ ಕೇಳಿದರು ಸೆನ್ಸೈ. ಇಲ್ಲ ಅಂದೆ. ಅವರು ತಲೆಯಾಡಿಸಿ ಕಿಟಕಿಯ ಆಚೆ ನೋಡಿದರು. ತೈವಾನಿನ ಅಕ್ಕ ಬ್ಯಾಗಿನಿಂದ ಮಿಠಾಯಿ ತೆಗೆದು ಎಲ್ಲರಿಗೂ ಹಂಚಿದಳು.

ಮ್ಯೋತ್ಸುಜಿಗೆ ಕಲ್ಲಿನ ಮೆಟ್ಟಿಲು. ಎರಡೂ ಕಡೆ ಸೆಡಾರ್ ಮರಗಳು ಎಷ್ಟು ಎತ್ತರ ಅಂದರೆ ಮಳೆ ನಮ್ಮ ಮೇಲೆ ನೇರವಾಗಿ ಬೀಳುತ್ತಿರಲಿಲ್ಲ. ಮೇಲೆಲ್ಲೋ ಬಿದ್ದು, ತಡವಾಗಿ, ದೊಡ್ಡ ಹನಿಯಾಗಿ ಕೆಳಗೆ ಬರುತ್ತಿತ್ತು. ಕಥೆಯ ಪ್ರಕಾರ ಇದನ್ನು 806ರಲ್ಲಿ ಕಟ್ಟಿಸಿದವನು ಸಕಾನೊಉಎ ನೊ ತಮುರಾಮಾರೊ ಅನ್ನುವ ದಂಡನಾಯಕ. ಈಗಿರುವ ಮುಖ್ಯ ಗುಡಿ 1258ರದ್ದು, ಪಕ್ಕದ ಮೂರಂತಸ್ತಿನ ಗೋಪುರ 1270ರದ್ದು. ಎರಡೂ ರಾಷ್ಟ್ರೀಯ ನಿಧಿ ಅಂತ ಗುರುತಾಗಿವೆ. ಎರಡಕ್ಕೂ ಬಣ್ಣವಿಲ್ಲ. ಮರ ಬೂದಿಬಣ್ಣಕ್ಕೆ ತಿರುಗಿದೆ. ಛಾವಣಿಗೆ ಹೆಂಚಿಲ್ಲ, ಹಿನೋಕಿ ಮರದ ತೊಗಟೆ ಹೊದೆಸಿದ್ದಾರೆ. ಒದ್ದೆಯಾದ ತೊಗಟೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಇಡೀ ಗುಡಿ ಉಸಿರಾಡುತ್ತಿದೆ ಅನ್ನಿಸಿತು. ಅಲ್ಲಿ ನಾವು ಐದು ಜನ ಬಿಟ್ಟರೆ ಒಂದು ಬೆಕ್ಕು ಮಾತ್ರ ಇತ್ತು. ಕ್ಯೋಟೋದಲ್ಲಾಗಿದ್ದರೆ ಈ ಹೊತ್ತಿಗೆ ಮೇಪಲ್ ಎಲೆ ನೋಡಲು ಬಂದವರ ಸಾಲಿನಲ್ಲಿ ನಿಂತಿರುತ್ತಿದ್ದೆ.

ಒಳಗೆ ಚಾಪೆಯ ಮೇಲೆ ಕೂರಿಸಿದರು. ಫೋಟೋ ತೆಗೆಯುವಂತಿಲ್ಲ. ಒಬ್ಬ ಯುವ ಸನ್ಯಾಸಿ ಬಂದು ವಿವರಿಸಿದರು. ನಡುವೆ ಇರುವವನು ಔಷಧ ಕೊಡುವ ಬುದ್ಧ, ಯಾಕುಶಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಆಚೆ ಈಚೆ ಎರಡು ದೊಡ್ಡ ಆಕಾರಗಳು ಕಾಣಿಸಿದವು. ಎರಡೂ ಎರಡೂವರೆ ಮೀಟರ್ ಎತ್ತರ, ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನ ಮರದ ಮೂರ್ತಿಗಳು. ಒಂದು ಜಿಂಜಾ ತೈಶೋ. ಭಾರತಕ್ಕೆ ಹೊರಟ ಹ್ಯುಯೆನ್ ತ್ಸಾಂಗನನ್ನು ಮರಳುಗಾಡಿನಲ್ಲಿ ಕಾಪಾಡಿದ ದೇವತೆಯಂತೆ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟನಲ್ಲ, ಅದೇ ಹ್ಯುಯೆನ್ ತ್ಸಾಂಗ್. ಏಳನೇ ಕ್ಲಾಸಿನ ಸಮಾಜ ಪುಸ್ತಕದವನು ಇಲ್ಲಿ ಸಿಗುತ್ತಾನೆ ಅಂದುಕೊಂಡಿರಲಿಲ್ಲ.

ಇನ್ನೊಂದು ಮೂರ್ತಿಯ ಹತ್ತಿರ ಬಂದಾಗ ಸನ್ಯಾಸಿ ನನ್ನ ಮುಖ ನೋಡಿ ಸ್ವಲ್ಪ ತಡವರಿಸಿದರು. ಸೆನ್ಸೈ ಮೊದಲೇ ಅವರಿಗೆ ನಾನು ಭಾರತದವಳು ಅಂತ ಹೇಳಿದ್ದರು. ಹೆಸರು ಗೋಜಾನ್ಜೆ ಮ್ಯೋಓ. ಸಂಸ್ಕೃತದಲ್ಲಿ ತ್ರೈಲೋಕ್ಯವಿಜಯ. ನಾಲ್ಕು ಮುಖ, ಎಂಟು ಕೈ. ಮುಂದಿನ ಎರಡು ಕೈಗಳು ಎದೆಯ ಮುಂದೆ ಅಡ್ಡವಾಗಿ ಸೇರಿ ಕಿರುಬೆರಳುಗಳು ಕೊಂಡಿ ಹಾಕಿಕೊಂಡಿವೆ. ಚಿಕ್ಕಮಕ್ಕಳು ಜಗಳವಾಡಿ ರಾಜಿಯಾಗುವಾಗ ಬೆರಳು ಸೇರಿಸುತ್ತಾರಲ್ಲ, ಹಾಗೆ. ಕಾಲ ಕೆಳಗೆ ಇಬ್ಬರು ಬಿದ್ದಿದ್ದಾರೆ. ಒಂದು ಪಾದ ಗಂಡಿನ ಮೇಲೆ, ಇನ್ನೊಂದು ಹೆಣ್ಣಿನ ಮೇಲೆ.

"ಇವರು ದೈಜಿಜೈತೆನ್. ಇವರು ಅವರ ಹೆಂಡತಿ, ಉಮಾ" ಅಂದರು ಸನ್ಯಾಸಿ. ದೈಜಿಜೈತೆನ್ ಅಂದರೆ ಮಹೇಶ್ವರ. ಉಮೆಗೆ ಇಲ್ಲಿಯೂ ಉಮೆ ಅನ್ನುವುದೇ ಹೆಸರು.

ಗೋಕರ್ಣ ನಮ್ಮ ಮನೆಯಿಂದ ಅಘನಾಶಿನಿಯ ಆಚೆ ದಡಕ್ಕಿದೆ. ಅಮ್ಮ ಸೋಮವಾರ ಮೀನು ಮುಟ್ಟುವುದಿಲ್ಲ. ನನಗೆ ಸಿಟ್ಟು ಬಂತಾ? ಇಲ್ಲ. ಬೇಜಾರಾಯಿತಾ ಅಂದರೆ, ಒಂದು ಗಳಿಗೆ ಏನೋ ಕಸಿವಿಸಿಯಾಯಿತು ನಿಜ. ಅಷ್ಟು ದೂರದಿಂದ ಬಂದು, ಅಪರೂಪಕ್ಕೆ ಪರಿಚಯದವರು ಸಿಕ್ಕರು ಅಂದರೆ ಅವರು ಇನ್ನೊಬ್ಬರ ಕಾಲ ಕೆಳಗೆ ಇದ್ದಾರೆ. ಸನ್ಯಾಸಿ ಮುಂದೆ ಕಥೆ ಹೇಳಿದರು. ಮೂರು ಲೋಕಕ್ಕೂ ನಾನೇ ಒಡೆಯ ಅಂತ ಮಹೇಶ್ವರ ಬುದ್ಧನಿಗೆ ಬಗ್ಗಲಿಲ್ಲ. ಅದಕ್ಕೆ ಇವನು ಬಂದು ತುಳಿದ. ಆದರೆ ತುಳಿತಕ್ಕೆ ಸಿಕ್ಕಿ ಸತ್ತ ಮಹೇಶ್ವರನನ್ನು ಮತ್ತೆ ಬದುಕಿಸಿ ಬುದ್ಧನನ್ನಾಗಿ ಮಾಡುತ್ತಾರೆ. ಹಾಗಾಗಿ ಇದು ಸೋಲಲ್ಲ, ದೀಕ್ಷೆ ಅಂದರು.

ಸೋತವರಿಗೆ ಇಂಥ ಸಮಾಧಾನ ಹೇಳುವುದು ಗೆದ್ದವರಿಗೆ ಸುಲಭ, ಅಲ್ವಾ. ಆದರೆ ನಮ್ಮಲ್ಲೇನು ಕಡಿಮೆಯೇ? ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯಲಿಲ್ಲ ಅಂತ ಶೈವರು ಶಿವನನ್ನು ಶರಭ ಮಾಡಿ ಮೇಲೆ ಕೂರಿಸಿದರು. ವೈಷ್ಣವರು ಬಿಟ್ಟಾರೆಯೇ, ಶರಭನನ್ನು ಸೀಳಲು ವಿಷ್ಣುವನ್ನು ಗಂಡಭೇರುಂಡ ಮಾಡಿದರು. ಆ ಎರಡು ತಲೆಯ ಹಕ್ಕಿಯನ್ನು ನಾವು ಸರ್ಕಾರಿ ಲಾಂಛನದಲ್ಲಿ ಇಟ್ಟುಕೊಂಡಿದ್ದೇವೆ. ನಾನು ಇದನ್ನು ನನ್ನ ಹರಕು ಜಪಾನಿಯಲ್ಲಿ ಹೇಳಿದೆ. ಸನ್ಯಾಸಿ ಕಣ್ಣರಳಿಸಿ ಕೇಳಿದರು. ಆಮೇಲೆ ಅವರೂ ಒಂದು ಮಾತು ಸೇರಿಸಿದರು: ಇದೇ ಮಹೇಶ್ವರನ ಇನ್ನೊಂದು ರೂಪ ಮಹಾಕಾಲ, ಜಪಾನಿನಲ್ಲಿ ದೈಕೊಕು ಆಗಿ ಅಕ್ಕಿ ಮೂಟೆಗಳ ಮೇಲೆ ನಿಂತು ನಗುತ್ತಾನೆ, ಅಡುಗೆಮನೆ ಕಾಯುತ್ತಾನೆ. ಒಸಾಕಾದಲ್ಲಿ ನಾನು ದಿನಾ ಹೋಗುವ ಅಕ್ಕಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಒಬ್ಬ ಡೊಳ್ಳುಹೊಟ್ಟೆಯವನು ಸುತ್ತಿಗೆ ಹಿಡಿದು ನಿಂತಿದ್ದಾನೆ. ಇಷ್ಟು ದಿನ ಅವನನ್ನು ಯಾವುದೋ ಕಂಪನಿಯ ಗೊಂಬೆ ಅಂದುಕೊಂಡಿದ್ದೆ.

ಹೊರಡುವ ಮುಂಚೆ ಕೈಮುಗಿದೆ. ಯಾರಿಗೆ ಮುಗಿದೆ ಅಂತ ಕೇಳಬೇಡಿ. ಕಣ್ಣು ಮಾತ್ರ ಕೆಳಗಿತ್ತು.

ಮುಂದೆ ಜಿಂಗೂಜಿ. ಜಿಂಗೂ ಅಂದರೆ ಜಪಾನಿನ ಮೂಲ ಧರ್ಮವಾದ ಶಿಂಟೋದ ದೇವಸ್ಥಾನ, ಜಿ ಅಂದರೆ ಬುದ್ಧನ ಗುಡಿ. ಹೆಸರಿನಲ್ಲೇ ಎರಡೂ ಇವೆ. 1868ರಲ್ಲಿ ಸರ್ಕಾರ ಶಿಂಟೋ ದೇವತೆಗಳನ್ನೂ ಬುದ್ಧರನ್ನೂ ಬೇರೆ ಮಾಡಿ ಅಂತ ಆಜ್ಞೆ ಹೊರಡಿಸಿತು. ದೇಶದ ತುಂಬ ಒಡೆದರು, ಹಂಚಿದರು, ಸಾಗಿಸಿದರು. ಇಲ್ಲಿ ಈಗಲೂ ಬೌದ್ಧ ಗುಡಿಯ ಮುಂದೆ ಶಿಂಟೋದ ದಪ್ಪ ಹುಲ್ಲುಹಗ್ಗ ತೂಗುತ್ತಿದೆ, ಒಳಗೆ ಇಬ್ಬರಿಗೂ ಪೂಜೆ. ಧರ್ಮಸ್ಥಳದಲ್ಲಿ ಮಂಜುನಾಥನಿಗೆ ವೈಷ್ಣವರು ಪೂಜೆ ಮಾಡಿ ಜೈನ ಮನೆತನ ಆಡಳಿತ ನೋಡುವುದನ್ನು ಕಂಡು ಬೆಳೆದವಳಿಗೆ ಇದು ವಿಚಿತ್ರ ಅನ್ನಿಸಲಿಲ್ಲ. ತೈವಾನಿನ ತಂಗಿಗೂ ಅನ್ನಿಸಲಿಲ್ಲವಂತೆ.

ಗುಡಿಯ ಹತ್ತಿರ ಒಂದು ಬಾವಿ. ಚಿಕ್ಕ ಮಾಡು, ಮರದ ಬೇಲಿ. ಹೆಸರು ಅಕಾ-ಇ. ಇ ಅಂದರೆ ಬಾವಿ. ಅಕಾ ಅಂದರೆ ದೇವರಿಗೆ ಕೊಡುವ ನೀರು. ಅದು ಜಪಾನಿ ಮಾತಲ್ಲ ಅಂತ ಸೆನ್ಸೈ ಹೇಳುವ ಮೊದಲೇ ನನಗೆ ಹೊಳೆಯಿತು. ಅಕಾ, ಅರ್ಘ್ಯ! ನಾನು ಆ ಶಬ್ದವನ್ನು ಎರಡು ಸಲ ಜೋರಾಗಿ ಹೇಳಿದೆ. ಸೆನ್ಸೈ ನನ್ನ ಬಾಯಿ ನೋಡುತ್ತಾ "ಅರು-ಗ್ಯ" ಅಂತ ಹೇಳಿ ನೋಡಿದರು.

ಈ ನೀರಿನ ಕಥೆ ಹೇಳಲೆಂದೇ ಅವರು ನಮ್ಮನ್ನು ಇಷ್ಟು ದೂರ ಕರೆತಂದಿದ್ದರು. 752ರಲ್ಲಿ, ಆಗ ರಾಜಧಾನಿಯಾಗಿದ್ದ ನಾರಾದ ತೋದೈಜಿ ದೇವಸ್ಥಾನದಲ್ಲಿ ದೊಡ್ಡ ಬುದ್ಧನ ಮೂರ್ತಿಗೆ ಕಣ್ಣು ಬರೆದರು. ಬರೆದವರು ಭಾರತದಿಂದ ಬಂದಿದ್ದ ಬೋಧಿಸೇನ ಅನ್ನುವ ಭಿಕ್ಷು. ಅದೇ ವರ್ಷ ಅಲ್ಲಿಯ ನಿಗತ್ಸು-ದೋ ಗುಡಿಯಲ್ಲಿ ಜಿಚ್ಚೂ ಅನ್ನುವ ಭಿಕ್ಷು ಒಂದು ವ್ರತ ಶುರುಮಾಡಿದ. ದೇಶದ ಎಲ್ಲ ದೇವತೆಗಳನ್ನೂ ಹೆಸರು ಹಿಡಿದು ಕರೆದ. ಎಲ್ಲರೂ ಬಂದರು, ವಾಕಾಸಾದ ಓನ್ಯೂ ದೇವರೊಬ್ಬ ಬರಲಿಲ್ಲ. ಅವನು ಮೀನು ಹಿಡಿಯುತ್ತಾ ಕೂತುಬಿಟ್ಟಿದ್ದ! ವ್ರತ ಮುಗಿಯುವ ಹೊತ್ತಿಗೆ ಓಡೋಡಿ ಬಂದು, ತಪ್ಪಾಯಿತು, ದಂಡವಾಗಿ ನಮ್ಮೂರಿನಿಂದ ಅಕಾ ನೀರು ಕಳಿಸುತ್ತೇನೆ ಅಂದ. ಆಗ ಬಂಡೆ ಸೀಳಿ ಒಂದು ಕಪ್ಪು, ಒಂದು ಬಿಳಿ ನೀರುಕಾಗೆ ಹಾರಿ ಬಂದವು. ಅವು ಎದ್ದ ಜಾಗದಲ್ಲಿ ನೀರು ಉಕ್ಕಿತು.

ದೇವರಾದರೂ ಮೀನು ಬಿಟ್ಟು ಏಳಲಾಗಲಿಲ್ಲ ಅಂದರೆ ಅವನು ಕರಾವಳಿಯವನೇ, ಅನುಮಾನವಿಲ್ಲ.

ಅವತ್ತಿನಿಂದ ಒಂದು ವರ್ಷವೂ ತಪ್ಪದೆ ನಾರಾದಲ್ಲಿ ಆ ವ್ರತ ನಡೆಯುತ್ತಿದೆ. ಮಾರ್ಚ್ 12ರ ರಾತ್ರಿ ಬಾವಿಯಿಂದ ನೀರು ಸೇದುತ್ತಾರೆ. ಅದಕ್ಕೆ ಓಮಿಜುತೋರಿ ಅಂತ ಹೆಸರು, ನೀರು ತೆಗೆದುಕೊಳ್ಳುವುದು. ಉರಿಯುವ ದೊಡ್ಡ ಪಂಜುಗಳನ್ನು ನೋಡಲು ಸಾವಿರಾರು ಜನ ಸೇರುತ್ತಾರೆ, ಟಿವಿಯಲ್ಲಿ ಬರುತ್ತದೆ. ನಾನೂ ನೋಡಿದ್ದೆ. ಅದಕ್ಕೆ ಹತ್ತು ದಿನ ಮುಂಚೆ, ಮಾರ್ಚ್ 2ರಂದು, ಒಬಾಮದಲ್ಲಿ ಇನ್ನೊಂದು ಆಚರಣೆ ಇದೆ ಅಂತ ಗೊತ್ತಿರಲಿಲ್ಲ. ಅದರ ಹೆಸರು ಓಮಿಜು-ಓಕುರಿ. ನೀರು ಕಳಿಸುವುದು.

ಈ ಬಾವಿಯ ನೀರು ತುಂಬಿಕೊಂಡು, ಗೋಮಾ ಬೆಂಕಿಯಿಂದ (ಅದೂ ನಮ್ಮ ಹೋಮವೇ) ಪಂಜು ಹಚ್ಚಿಕೊಂಡು, ಊರಿನವರೆಲ್ಲ ಎರಡು ಕಿಲೋಮೀಟರ್ ಕತ್ತಲಲ್ಲಿ ನಡೆಯುತ್ತಾರೆ. ಉನೋಸೆ ಅನ್ನುವ ಜಾಗದಲ್ಲಿ ನೀರನ್ನು ಹೊಳೆಗೆ ಸುರಿಯುತ್ತಾರೆ. ಅದು ನೆಲದೊಳಗೆ ಹತ್ತು ದಿನ ಹರಿದು ನಾರಾದ ಬಾವಿಗೆ ಸೇರುತ್ತದೆ ಅನ್ನುವುದು ನಂಬಿಕೆ.

"ಜಿಚ್ಚೂ ಎಲ್ಲಿಯವರು ಗೊತ್ತಾ?" ಅಂತ ಸೆನ್ಸೈ ನನ್ನನ್ನೇ ಕೇಳಿದರು. "ಭಾರತದವರು. ಮೊದಲು ಇಲ್ಲಿ, ಈ ಜಿಂಗೂಜಿಯಲ್ಲಿ ಇದ್ದು, ಆಮೇಲೆ ನಾರಾಕ್ಕೆ ಹೋದರು. ನಮ್ಮೂರಿನಲ್ಲಿ ಹಾಗೆ ಹೇಳುತ್ತಾರೆ." ಇತಿಹಾಸಕಾರರು ಇದನ್ನು ಒಪ್ಪಬೇಕಾಗಿಲ್ಲ. ಆದರೆ ಅವರು ಹೇಳಿದ ರೀತಿ, ನಿಮ್ಮ ಚಿಕ್ಕಪ್ಪ ನಮ್ಮ ಮನೆಯಲ್ಲೇ ಬಾಡಿಗೆಗೆ ಇದ್ದರು ಗೊತ್ತಾ ಅಂದ ಹಾಗಿತ್ತು.

ಉನೋಸೆ ಮುಟ್ಟಿದಾಗ ನಾಲ್ಕು ಗಂಟೆ. ಬೆಟ್ಟಗಳ ನಡುವೆ ಆಗಲೇ ಬೆಳಕು ಇಳಿಯುತ್ತಿತ್ತು. ನೋಡಲು ಏನೂ ಇಲ್ಲ, ನಿಜ ಹೇಳುತ್ತೇನೆ. ಒಂದು ಹೊಳೆ, ಬಂಡೆಗಳು, ಬಂಡೆಗೆ ಕಟ್ಟಿದ ಹುಲ್ಲುಹಗ್ಗ. ಬಂಡೆಯ ಬುಡದಲ್ಲಿ ನೀರು ತಿರುಗಿ ಹಸಿರಾಗಿ ನಿಂತು, ಮತ್ತೆ ಮುಂದೆ ಹೋಗುತ್ತದೆ. ಮಳೆ ಹನಿ ಬಿದ್ದ ಕಡೆಯೆಲ್ಲ ಸಣ್ಣ ಬಳೆಗಳು. ಕೈ ಇಟ್ಟೆ. ಮೂಳೆಗೆ ತಾಗುವ ಚಳಿ.

ಆಗ ಒಂದು ವಿಷಯ ಗಮನಕ್ಕೆ ಬಂತು. ಸಮುದ್ರ ಉತ್ತರಕ್ಕಿದೆ, ಹೊಳೆ ಹರಿಯುತ್ತಿರುವುದೂ ಆ ಕಡೆಗೇ. ನಾರಾ ಇರುವುದು ದಕ್ಷಿಣಕ್ಕೆ.

"ಸೆನ್ಸೈ, ಇದು ಉಲ್ಟಾ ಹರಿಯುತ್ತಿದೆ ಅಲ್ವಾ?"

ಅವರು ಈ ಪ್ರಶ್ನೆಗೆ ಬೆಳಿಗ್ಗೆಯಿಂದ ಕಾಯುತ್ತಿದ್ದವರ ಹಾಗೆ ನಕ್ಕರು. "ಮೇಲಿನ ನೀರು ಸಮುದ್ರಕ್ಕೆ ಹೋಗುತ್ತದೆ" ಅಂದರು. "ನಾವು ಕಳಿಸಿದ್ದು ಕೆಳಗೆ ಹೋಗುತ್ತದೆ."

ಕೋಲಾರದ ಅಂತರಗಂಗೆಗೆ ಕಾಶಿಯಿಂದ ನೀರು ಬರುತ್ತದೆ ಅಂತ ನಂಬುವ ನಾಡಿನವಳು ನಾನು. ಮತ್ತೆ ವಾದ ಮಾಡಲಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಕಥೆಗಳನ್ನು ಹೇಳುವವರು ನೀರು ಬಂದ ಊರಿನವರು. ಕಾಶಿಯಲ್ಲಿ ಯಾರೂ, ಇಗೋ ಇವತ್ತು ಕೋಲಾರಕ್ಕೆ ಕಳಿಸಿದೆವು ಅಂತ ಪಂಜು ಹಿಡಿದು ನಡೆಯುವುದಿಲ್ಲ. ಇಲ್ಲಿ ಮಾರ್ಚ್ ಚಳಿಯಲ್ಲಿ ನಡೆಯುತ್ತಾರೆ. ಸೆನ್ಸೈ ಐದನೇ ವಯಸ್ಸಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದರಂತೆ. ಪಂಜಿನ ಕಿಡಿ ಬಿದ್ದು ಕೋಟಿಗೆ ತೂತಾಗಿ ಅಮ್ಮನಿಂದ ಬೈಸಿಕೊಂಡದ್ದು ಮಾತ್ರ ನೆನಪಿದೆಯಂತೆ.

ವಾಪಸ್ ಬರುವಾಗ ಐದು ನಿಮಿಷಕ್ಕೆ ಒಂದು ಬಸ್ಸು ತಪ್ಪಿಸಿಕೊಂಡೆ. ಮುಂದಿನದು ಬರುವವರೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕಾದೆ. ಒಂದು ಹೆಶಿಕೋ, ಒಂದು ಜೊತೆ ಚಾಪ್‌ಸ್ಟಿಕ್ ಕೊಂಡಿದ್ದೆ. ಜಪಾನಿನ ಅರಗಿನ ಚಾಪ್‌ಸ್ಟಿಕ್‌ಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಈ ಊರಿನಿಂದಲೇ ಹೋಗುತ್ತವೆ. ಅರಗಿನ ಪದರಗಳ ಕೆಳಗೆ ಚಿಪ್ಪಿನ ಚೂರು, ಮೊಟ್ಟೆಯ ಸಿಪ್ಪೆ ಹುಗಿದು, ಆಮೇಲೆ ಉಜ್ಜಿ ಉಜ್ಜಿ ಹೊರಗೆ ತರುತ್ತಾರೆ. ರೈಲಿನಲ್ಲಿ ಹೆಶಿಕೋದ ವಾಸನೆ ಮೂರು ಕವರ್ ದಾಟಿ ಬಂತು. ಎದುರಿನ ಸೀಟಿನ ಹುಡುಗಿ ಎದ್ದು ಬೇರೆ ಕಡೆ ಕೂತಳು. ನಾನು ಇದಕ್ಕೆ ಬೆಂಗಳೂರಿನಲ್ಲೇ ಪಳಗಿದವಳು.

ಮಾರನೇ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಮಹೇಶ್ವರನ ವಿಷಯ ಬಿಟ್ಟೆ. ಹೆಶಿಕೋ ಮಾಡುವ ಬಗೆಯನ್ನು ಅವಳು ಎರಡು ಸಲ ಹೇಳಿಸಿಕೊಂಡಳು. "ತೌಡಿಗೆ ಹುಳ ಆಗೋದಿಲ್ವಾ?" ಅಂದಳು. ಆಮೇಲೆ ನೀರಿನ ಕಥೆ. ಪೂರ್ತಿ ಕೇಳಿ ಸ್ವಲ್ಪ ಯೋಚಿಸಿದಳು.

"ಸರಿ, ಇವ್ರು ಕಳಿಸಿದ್ರು. ಮುಟ್ಟಿತು ಅಂತ ಅವ್ರು ಹೇಳಿ ಕಳಿಸ್ತಾರಾ?"

ನನಗೆ ಗೊತ್ತಿರಲಿಲ್ಲ. ಸೆನ್ಸೈಗೆ ಧನ್ಯವಾದದ ಮೆಸೇಜ್ ಬರೆಯಬೇಕಿತ್ತು, ಅದರ ಕೊನೆಗೆ ಅಮ್ಮನ ಪ್ರಶ್ನೆಯನ್ನೂ ಸೇರಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಉದ್ದದ ಮೆಸೇಜ್ ಬಂತು.

ಮದುವೆಯಾದ ಹೊಸದರಲ್ಲಿ ಅವರೂ ಗಂಡನೂ ಒಮ್ಮೆ ನೋಡಿಯೇಬಿಡೋಣ ಅಂತ ಮಾರ್ಚ್ 12ಕ್ಕೆ ನಾರಾಕ್ಕೆ ಹೋಗಿದ್ದರಂತೆ. ಪಂಜು ಮುಗಿದು ಜನ ಕರಗಿದ ಮೇಲೂ ಚಳಿಯಲ್ಲಿ ನಿಂತಿದ್ದರು. ನೀರು ಸೇದುವುದು ನಡುರಾತ್ರಿ ಕಳೆದು ಒಂದೂವರೆ ಹೊತ್ತಿಗೆ. ಬಾವಿಯ ಸುತ್ತ ಒಂದು ಮನೆ ಕಟ್ಟಿದ್ದಾರೆ. ಭಿಕ್ಷುಗಳು ಇಳಿದು ಬಂದರು, ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಒಳಗೆ ಏನಾಗುತ್ತದೆ ಅಂತ ಯಾರಿಗೂ ತೋರಿಸುವುದಿಲ್ಲ. ಇಬ್ಬರಿಗೂ ಏನೂ ಕಾಣಲಿಲ್ಲ. ಬೆಳಗಿನ ಮೊದಲ ರೈಲು ಹಿಡಿದು ಊರಿಗೆ ಬಂದು, ಗಂಡ ಕೆಲಸಕ್ಕೆ, ಇವರು ಶಾಲೆಗೆ.

"ಹಾಗಾಗಿ ಮುಟ್ಟಿತೋ ಇಲ್ಲವೋ ನಾನು ನೋಡಿಲ್ಲ ಅಂತ ನಿಮ್ಮ ತಾಯಿಯವರಿಗೆ ಹೇಳಿ" ಅಂತ ಬರೆದಿದ್ದರು. "ಆದರೆ ಆ ಬಾವಿಗೆ ಅವರು ಇಟ್ಟಿರುವ ಹೆಸರು ವಾಕಾಸಾ ಬಾವಿ."

ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಮುಟ್ಟಿದೆ" ಅಂದಳು.